ಬಟವಾಡೆಯಲ್ಲಿ ಕಡಿತ: ಕಾನೂನು ಏನು ಹೇಳುತ್ತದೆ?

ಹಿಂದಿನ ಮಹಾಸಭೆ ಮುಗಿದು ಊಟಕ್ಕೆ ಏಳುವ ಹೊತ್ತಿಗೆ ನಮ್ಮ ಸದಸ್ಯರೊಬ್ಬರು ನನ್ನನ್ನು ಬದಿಗೆ ಕರೆದು ಒಂದು ಸಂಬಳದ ಚೀಟಿ ತೋರಿಸಿದರು. ಎರಡೆಕರೆ ಅಡಿಕೆ, ಮೂರೆಕರೆ ಕಾಫಿ ಇರುವ ಮನೆ. ಹಿರಿಯ ಮಗ ಡಿಪ್ಲೊಮಾ ಮುಗಿಸಿ, ಬಂಗಾರಪೇಟೆಯಲ್ಲಿ ರೂಮು ಮಾಡಿಕೊಂಡು, ಆ ಕಡೆಯ ಕಾರ್ಖಾನೆಯೊಂದಕ್ಕೆ ಗುತ್ತಿಗೆದಾರರ ಮೂಲಕ ಸೇರಿದ್ದಾನೆ. ಒಪ್ಪಿದ ಸಂಬಳ 18,000 ರೂಪಾಯಿ. ಮೂರು ತಿಂಗಳು ಸರಿಯಾಗಿ ಬಂತು. ನಾಲ್ಕನೆಯ ತಿಂಗಳು ಬ್ಯಾಂಕಿಗೆ ಬಿದ್ದದ್ದು 15,200. ವಿಚಾರಿಸಿದರೆ, ಆರ್ಡರು ಕಡಿಮೆಯಾಗಿದೆ, ಇನ್ನು ಮುಂದೆ ಎಲ್ಲರಿಗೂ ಹೀಗೆಯೇ ಎಂದರಂತೆ. "ಅಲ್ಲ ಮಾರಾಯ್ರೆ, ಕೇಳದೆ ಹೇಳದೆ ಹೀಗೆ ಮಾಡ್ಲಿಕ್ಕೆ ಬರ್ತದಾ?" ಎಂಬುದು ತಂದೆಯ ಪ್ರಶ್ನೆ.

ಬರುವುದಿಲ್ಲ ಎಂದು ಅಲ್ಲಿಯೇ ಹೇಳಿದೆ. ಅದಕ್ಕೆ ಕಾರಣ ಇಲ್ಲಿ ಬರೆಯುತ್ತೇನೆ, ಏಕೆಂದರೆ ಈಗ ನಮ್ಮಲ್ಲಿ ಬಹುಪಾಲು ಮನೆಗಳ ಒಬ್ಬ ಮಗನೋ ಮಗಳೋ ಹೊರಗೆ ಸಂಬಳಕ್ಕೆ ದುಡಿಯುತ್ತಿದ್ದಾರೆ. ನಾವಾದರೋ ಇಲ್ಲಿ ತೋಟದಲ್ಲಿ ಕೂಲಿ ಕೊಡುವವರು. ಪ್ರಶ್ನೆ ಎರಡೂ ಕಡೆಯಿಂದ ನಮ್ಮದೇ.

ಆ ಸೀಮೆಯ ಜನರಿಗೆ ಈ ವಿಚಾರ ಹೊಸದಲ್ಲ. ಕೋಲಾರದ ಚಿನ್ನದ ಗಣಿಯಲ್ಲಿ 1930ರಲ್ಲಿ ಕಂಪನಿಯವರು ಕಾರ್ಮಿಕರ ಬೆರಳಚ್ಚು ತೆಗೆದು ದಾಖಲಿಸುವ ನಿಯಮವನ್ನು ಕೇಳದೆ ಹೇರಹೊರಟಾಗ, ಸಾವಿರಾರು ಮಂದಿ ಸುಮಾರು ಮೂರು ವಾರ ಗಣಿಗೆ ಇಳಿಯಲಿಲ್ಲ. ಮುಂದೆ ಅಲ್ಲಿ ಬಲವಾದ ಸಂಘಗಳು ಬಂದವು. ಆದರೆ 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ, ಆ ಮನೆಗಳ ಮಕ್ಕಳು ಮಾರಿಕುಪ್ಪಂನಿಂದ ಬಂಗಾರಪೇಟೆ ದಾರಿಯಾಗಿ ರೈಲು ಹಿಡಿದು ಬೆಂಗಳೂರಿಗೆ ಹೋಗಿ ಬರುವವರಾದರು. ಗುತ್ತಿಗೆ ಕೆಲಸವಾದರೆ ಸಂಘವೂ ಇಲ್ಲ, ಯಾರನ್ನು ಕೇಳಬೇಕೆಂಬುದೂ ತಿಳಿಯದು.

ಈಗ ಕಾನೂನಿಗೆ ಬರುತ್ತೇನೆ. 1936ರ ವೇತನ ಪಾವತಿ ಕಾಯ್ದೆ, 1948ರ ಕನಿಷ್ಠ ವೇತನ ಕಾಯ್ದೆ ಮುಂತಾದವುಗಳ ಜಾಗದಲ್ಲಿ 2019ರ ವೇತನ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಕಾಯ್ದೆಯ ಹೆಸರು ಬದಲಾದರೂ ಮೂಲತತ್ತ್ವ ಹಳೆಯದೇ: ಕಾನೂನು ಹೆಸರಿಸಿದ ಕಾರಣಗಳಿಗೆ ಮಾತ್ರ ಸಂಬಳದಲ್ಲಿ ಮುರಿದುಕೊಳ್ಳಬಹುದು. ಕೆಲಸಕ್ಕೆ ಬಾರದ ದಿನದ ಕೂಲಿ, ಕೊಟ್ಟ ಮುಂಗಡ, ಭವಿಷ್ಯನಿಧಿ, ಒದಗಿಸಿದ ಮನೆ, ಕೆಲಸಗಾರನ ಅಲಕ್ಷ್ಯದಿಂದಲೇ ಆದ ನಷ್ಟ, ಇಂಥವು. ನಷ್ಟ ಹಾಕುವುದಾದರೂ ಅವನ ಮಾತು ಮೊದಲು ಕೇಳಬೇಕು. ದಂಡವಾದರೆ ಆ ಅವಧಿಯ ಕೂಲಿಯ ನೂರಕ್ಕೆ 3ನ್ನು ಮೀರುವ ಹಾಗಿಲ್ಲ. ಎಲ್ಲ ಕಡಿತ ಕೂಡಿದರೂ ಅರ್ಧ ಸಂಬಳವನ್ನು ದಾಟಬಾರದು. "ಆರ್ಡರು ಕಡಿಮೆ", "ಬೆಲೆ ಬಿದ್ದಿದೆ" ಎಂಬುದು ಆ ಪಟ್ಟಿಯಲ್ಲಿ ಎಲ್ಲಿಯೂ ಇಲ್ಲ.

ಮುಗಿದ ಕೆಲಸದ ಕೂಲಿ ಬೇರೆ, ಮುಂದಿನ ದರ ಬೇರೆ. ಮುಂದಿನ ದರ ಇಳಿಸಬೇಕಾದರೂ ಕೈಗಾರಿಕಾ ಕಾನೂನಿನಂತೆ ಕಾರ್ಮಿಕರಿಗೆ 21 ದಿನ ಮೊದಲು ನೋಟೀಸು ಕೊಡಬೇಕು, ಅವರು ಅದನ್ನು ವಿವಾದವಾಗಿ ಎತ್ತಬಹುದು. ಕನಿಷ್ಠ ವೇತನಕ್ಕಿಂತ ಕೆಳಗೆ ಇಳಿಸಲು ಕೆಲಸಗಾರನ ಒಪ್ಪಿಗೆಯೂ ಸಾಲದು. ಕಾನೂನು ಕೊಟ್ಟದ್ದನ್ನು ಬಿಟ್ಟುಕೊಟ್ಟೆ ಎಂದು ಅವನು ಸಹಿ ಹಾಕಿದ್ದರೂ ಆ ಕಾಗದಕ್ಕೆ ಬೆಲೆಯಿಲ್ಲ.

ಗುತ್ತಿಗೆದಾರ ಕೊಡದಿದ್ದರೆ ಕಾರ್ಖಾನೆಯ ಒಡೆತನದ ಕಂಪನಿಯೇ ಕೊಡಬೇಕು. ಬಾಕಿ ಕೇಳಿ ಅರ್ಜಿ ಹಾಕಲು ಈಗ ಮೂರು ವರ್ಷ ಅವಕಾಶವಿದೆ. ಹಿಂದೆ ವೇತನ ಪಾವತಿ ಕಾಯ್ದೆಯಲ್ಲಿ ಒಂದು ವರ್ಷ, ಕನಿಷ್ಠ ವೇತನ ಕಾಯ್ದೆಯಲ್ಲಿ ಆರೇ ತಿಂಗಳು ಇತ್ತು. ಸಂಬಳ ಕೊಟ್ಟಿದ್ದೇನೆಂದು ರುಜುವಾತು ಮಾಡುವ ಹೊಣೆ ಮಾಲೀಕನದು. ಬಾಕಿಯ ಜೊತೆಗೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸುವ ಅಧಿಕಾರವೂ ಪ್ರಾಧಿಕಾರಕ್ಕಿದೆ.

ಹಾಗಾದರೆ ಹುಡುಗ ಏನು ಮಾಡಬೇಕು? ಮೊದಲು ಬರೆದು ಕೊಡಬೇಕು. ಸುಮ್ಮನೆ ನಾಲ್ಕು ತಿಂಗಳು ಕಡಿಮೆ ಸಂಬಳ ತೆಗೆದುಕೊಂಡರೆ ಒಪ್ಪಿದ್ದಾನೆಂದು ಎದುರಾಳಿ ವಾದಿಸುತ್ತಾನೆ. "ಈ ಕಡಿತಕ್ಕೆ ನನ್ನ ಒಪ್ಪಿಗೆಯಿಲ್ಲ, ಬಾಕಿ ಹಣ ಕೊಡಿ" ಎಂಬ ಎರಡು ಸಾಲು ಸಾಕು, ಪ್ರತಿಯೊಂದು ತನ್ನ ಹತ್ತಿರ ಇರಲಿ. ನೇಮಕದ ಪತ್ರ, ಸಂಬಳದ ಚೀಟಿ, ಬ್ಯಾಂಕಿನ ಪಾಸ್‌ಬುಕ್ಕು, ಹಾಜರಿಯ ಲೆಕ್ಕ ಜೋಪಾನವಾಗಿರಲಿ. ಉತ್ತರ ಬಾರದಿದ್ದರೆ ಕಾರ್ಮಿಕ ಇಲಾಖೆಯ ಕಚೇರಿ. ವಕೀಲರಿಗೆ ಹಣವಿಲ್ಲವೆಂದು ಹಿಂಜರಿಯಬೇಕಿಲ್ಲ, ಕೈಗಾರಿಕಾ ಕಾರ್ಮಿಕರಿಗೂ ಹೆಂಗಸರಿಗೂ ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ಉಚಿತ ನೆರವು ಸಿಗುತ್ತದೆ.

ಇದನ್ನು ಒತ್ತಿ ಬರೆಯಲು ಕಾರಣವಿದೆ. ಅದೇ ಕೋಲಾರ ಜಿಲ್ಲೆಯ ನರಸಾಪುರದಲ್ಲಿ ವಿಸ್ಟ್ರಾನ್ ಎಂಬ ತೈವಾನಿನ ಕಂಪನಿಯ ಐಫೋನ್ ಕಾರ್ಖಾನೆಯಲ್ಲಿ 2020ರ ಡಿಸೆಂಬರ್ 12ರ ಬೆಳಿಗ್ಗೆ ನಡೆದದ್ದು ನಿಮಗೆ ನೆನಪಿರಬಹುದು. ಹೇಳಿದಷ್ಟು ಸಂಬಳ ಬರುತ್ತಿಲ್ಲ, 12 ಗಂಟೆ ದುಡಿದರೂ ಲೆಕ್ಕ ಸರಿಯಿಲ್ಲ ಎಂದು ಕೆರಳಿದ ಕೆಲಸಗಾರರು ಗಾಜು, ಯಂತ್ರ, ವಾಹನಗಳನ್ನು ಒಡೆದರು. ಬಹಳ ಮಂದಿ ಗುತ್ತಿಗೆಯವರು. ಸರ್ಕಾರದ ತನಿಖೆಯಲ್ಲಿ ಕಾರ್ಖಾನೆಯ ತಪ್ಪುಗಳು ಬಯಲಾದವು. ಕೆಲವರಿಗೆ ಸರಿಯಾಗಿ, ಸಕಾಲಕ್ಕೆ ಸಂಬಳ ಹೋಗಿಲ್ಲವೆಂದು ಕಂಪನಿಯೂ ಒಪ್ಪಿ ಕ್ಷಮೆ ಕೇಳಿತು. ಆದರೆ ಅಷ್ಟರಲ್ಲಿ ನೂರಕ್ಕೂ ಹೆಚ್ಚು ಮಂದಿ ಬಂಧನದಲ್ಲಿದ್ದರು. ಸಂಬಳ ಕೇಳಬೇಕಾದವರು ಜಾಮೀನು ಕೇಳುವಂತಾಯಿತು.

ಇನ್ನು ನಮ್ಮ ತೋಟದ ಮಾತು. ಬೆಲೆ ಬಿದ್ದ ವರ್ಷ ಶನಿವಾರದ ಬಟವಾಡೆಯಲ್ಲಿ ಕೈ ಬಿಗಿ ಹಿಡಿಯುವ ಅಭ್ಯಾಸ ನಮ್ಮಲ್ಲಿದೆ. 2001ರ ಸುಮಾರಿಗೆ ಕಾಫಿ ಬೆಲೆ ನೆಲ ಕಚ್ಚಿದ್ದಾಗ ನಾನೂ ಮಾಡಿದ್ದೇನೆ. ವಾರದ ಹಣ್ಣು ಕೊಯ್ಲು ಮುಗಿದ ಮೇಲೆ ದಿನಕ್ಕೆ ಐದು ರೂಪಾಯಿ ಕಡಿಮೆ ಎಣಿಸಿ ಕೊಟ್ಟೆ. ಯಾರೂ ಮಾತಾಡಲಿಲ್ಲ. ಸೋಮವಾರ ಹನ್ನೊಂದು ಆಳಿನಲ್ಲಿ ನಾಲ್ವರು ಬಂದರು, ಹಣ್ಣು ಗಿಡದಲ್ಲೇ ಒಣಗಿತು. ಲೈನ್ ಮನೆಯ ಹಿರಿಯ ಹೆಂಗಸೊಬ್ಬಳು, "ಅಯ್ಯಾ, ರೇಟು ಏರಿದ ವರ್ಷ ನಮಗೆ ಐದು ರೂಪಾಯಿ ಹೆಚ್ಚಿಗೆ ಕೊಟ್ಟಿದ್ರಾ?" ಎಂದಳು. 1994ರಲ್ಲಿ ಬ್ರೆಜಿಲಿನಲ್ಲಿ ಹಿಮ ಬಿದ್ದು ಬೆಲೆ ಏರಿದಾಗ ನಮ್ಮ ಮನೆಗೆ ಹೊಸ ಜೀಪು ಬಂದಿತ್ತು. ಉತ್ತರ ಹೇಳಲಾಗಲಿಲ್ಲ. ಮುಂದಿನ ಶನಿವಾರ ಹಣ ಸೇರಿಸಿ ಕೊಟ್ಟೆ.

ಐವರಿಗಿಂತ ಹೆಚ್ಚು ಆಳಿಲ್ಲದ ಕೃಷಿಕರಿಗೆ ರಿಜಿಸ್ಟರಿನ ಕಟ್ಟುನಿಟ್ಟಿನಿಂದ ವಿನಾಯಿತಿ ಇದೆ. ಕನಿಷ್ಠ ಕೂಲಿಯಿಂದ ಇಲ್ಲ. ಅಧಿಕಾರಿ ಕೇಳಿದರೆ ಕೂಲಿ ಕೊಟ್ಟ ಪುರಾವೆಯನ್ನೂ ತೋರಿಸಬೇಕು, ಆದ್ದರಿಂದ ಒಂದು ನೋಟ್‌ಬುಕ್ಕಿನಲ್ಲಾದರೂ ಹಾಜರಿ, ಮುಂಗಡ, ಕೊಟ್ಟ ಹಣ ಬರೆದು ಸಹಿ ಹಾಕಿಸಿಡಿ. ಮುಂಗಡವನ್ನು ಕಂತಿನಲ್ಲಿ ಮುರಿದುಕೊಳ್ಳಬಹುದು, ಮುಂಗಡ ತೀರುವವರೆಗೆ ಬೇರೆಡೆ ಹೋಗಬಾರದೆಂದು ಹಿಡಿದಿಟ್ಟರೆ 1976ರ ಜೀತ ವಿಮುಕ್ತಿ ಕಾಯ್ದೆಯಡಿ ಅಪರಾಧ. ಕೊನೆ ಕೊಯ್ಲಿನ ದರ ಈ ಸಲ ಕಡಿಮೆ ಮಾಡುವ ಯೋಚನೆಯಿದ್ದರೆ ಕೊನೆಗಾರ ಮರ ಹತ್ತುವ ಮೊದಲು ಹೇಳಿ, ಇಳಿದ ಮೇಲೆ ಬೇಡ.

ಬಂಗಾರಪೇಟೆಯ ಹುಡುಗ ಕಳೆದ ವಾರ ಪತ್ರ ಕೊಟ್ಟಿದ್ದಾನೆ. ಜೊತೆಗೆ ಅದೇ ಸಾಲಿನ ಒಂಬತ್ತು ಮಂದಿ ಸಹಿ ಹಾಕಿದ್ದಾರೆ. ನಿಮ್ಮ ಮಕ್ಕಳ ಹತ್ತಿರವೂ ಇಂಥ ಚೀಟಿಯಿದ್ದರೆ ಸಂಘದ ಕಚೇರಿಗೆ ತನ್ನಿ, ಅರ್ಜಿ ಬರೆಯಲು ನಾನು ನೆರವಾಗುತ್ತೇನೆ.