ಅಂಗೈಯಲ್ಲಿ ಮನೆಸಂಗೀತದ ಚುಕ್ಕಾಣಿ

ಹಾಡುಗಳ ಭಂಡಾರ ಒಳಕೋಣೆಯ ಕಂಪ್ಯೂಟರಿನಲ್ಲಿ, ಸ್ಪೀಕರ್ ಹಜಾರದಲ್ಲಿ. ಹಾಡು ಬದಲಿಸಲು ಪ್ರತಿ ಬಾರಿಯೂ ಎದ್ದು ಓಡಬೇಕಾದ ತಾಪತ್ರಯಕ್ಕೆ ಪರಿಹಾರವಾಗಿ 2008ರಲ್ಲಿ ಬಂದದ್ದು ಲಾಜಿಟೆಕ್ ಕಂಪನಿಯ ಸ್ಕ್ವೀಝ್‌ಬಾಕ್ಸ್ ಡ್ಯುಯೆಟ್. ಆಗ ಅಮೆರಿಕದಲ್ಲಿ ಅದರ ಬೆಲೆ ಸುಮಾರು 400 ಡಾಲರ್ ಇತ್ತು.

ಇದರಲ್ಲಿ ಎರಡು ಭಾಗಗಳು. ಸ್ಟೀರಿಯೋಗೆ ಜೋಡಿಸುವ ರಿಸೀವರ್ ಒಂದು, 2.4 ಇಂಚಿನ ಬಣ್ಣದ ಪರದೆ ಹಾಗೂ ತಿರುಗುಚಕ್ರವುಳ್ಳ ಕಂಟ್ರೋಲರ್ ಮತ್ತೊಂದು. ಟಿವಿ ರಿಮೋಟ್‌ನಂತೆ ಇದನ್ನು ಉಪಕರಣದತ್ತ ಗುರಿಯಿಡಬೇಕಿಲ್ಲ. ವೈ-ಫೈ ಮೂಲಕ ಕೆಲಸ ಮಾಡುವುದರಿಂದ ಗೋಡೆಯಾಚೆಗೂ ಆಜ್ಞೆ ತಲುಪುತ್ತದೆ. ಆಲ್ಬಂನ ಮುಖಚಿತ್ರ, ಹಾಡುಗಳ ಪಟ್ಟಿ ಅಂಗೈಯಲ್ಲೇ ಮೂಡುತ್ತವೆ.

ಸ್ಮಾರ್ಟ್‌ಫೋನ್‌ಗಳು ಇದೇ ಕೆಲಸ ಮಾಡತೊಡಗಿದ ಮೇಲೆ ಇಂಥ ಸಾಧನಗಳಿಗೆ ಕುತ್ತು ಬಂತು. 2012ರಲ್ಲಿ ಲಾಜಿಟೆಕ್ ಸ್ಕ್ವೀಝ್‌ಬಾಕ್ಸ್ ಸರಣಿಯನ್ನೇ ಕೈಬಿಟ್ಟಿತು. 2005ರಲ್ಲಿ ಮಾರುಕಟ್ಟೆಗೆ ಬಂದಿದ್ದ ಸೋನೋಸ್‌ನ ಸಿಆರ್100 ಕಂಟ್ರೋಲರಿಗೆ 2018ರಲ್ಲಿ ಕಂಪನಿಯ ಬೆಂಬಲ ನಿಂತಿತು. ಹೊಸ ತಂತ್ರಾಂಶ ಅಳವಡಿಸಿಕೊಂಡ ಮನೆಗಳಲ್ಲಿ ಅದು ನಿರುಪಯುಕ್ತವಾಯಿತು.

ಸ್ಕ್ವೀಝ್‌ಬಾಕ್ಸ್‌ನ ಪಾಡು ಹಾಗಾಗಲಿಲ್ಲ. ಅದರ ಸರ್ವರ್ ತಂತ್ರಾಂಶ ಮುಕ್ತವಾಗಿದ್ದರಿಂದ ಬಳಕೆದಾರರೇ ಅದನ್ನು ಬೆಳೆಸಿದರು. 2024ರಲ್ಲಿ ಕಂಪನಿಯ ಆನ್‌ಲೈನ್ ಸೇವೆ ಮುಚ್ಚಿದರೂ, ಲಿರಿಯನ್ ಮ್ಯೂಸಿಕ್ ಸರ್ವರ್ ಎಂಬ ಹೊಸ ಹೆಸರಿನಲ್ಲಿ ತಂತ್ರಾಂಶ ಮುಂದುವರಿದಿದೆ. ಮನೆಯ ಕಂಪ್ಯೂಟರಿನಲ್ಲಿ ಅದನ್ನು ಅಳವಡಿಸಿಕೊಂಡವರ ಹಳೆಯ ಸಾಧನಗಳು ಇಂದಿಗೂ ಹಾಡುತ್ತಿವೆ.

ಕೊಳ್ಳುವವರು ಗಮನಿಸಬೇಕಾದದ್ದು ಇಷ್ಟೇ: ಕೈಯಲ್ಲಿರುವ ಯಂತ್ರದ ಆಯುಷ್ಯ ನಿರ್ಧಾರವಾಗುವುದು ಅದರ ಹಿಂದಿರುವ ತಂತ್ರಾಂಶದಿಂದ.