ಮಾತಿನ ಮೋಡಿ ಮತ್ತು ಪುರಾವೆ

ಜನರ ಮನವೊಲಿಸುವ ಮಾತಿಗೆ ನಿಯಮಗಳುಂಟೆ? ಉಂಟೆಂದು ಸಾಧಿಸಹೊರಟ ಪ್ರಬಂಧವೊಂದು 1897ರಲ್ಲಿ ಬೆಂಗಳೂರಿನ ದಂಡುಪ್ರದೇಶದಲ್ಲಿಯೇ ಹುಟ್ಟಿತು. ಅದನ್ನು ಬರೆದವನು ಅಶ್ವದಳದ 22 ವರ್ಷದ ಅಧಿಕಾರಿ, ಮುಂದೆ ಬ್ರಿಟನ್ನಿನ ಪ್ರಧಾನಮಂತ್ರಿಯಾದ ವಿನ್‌ಸ್ಟನ್ ಚರ್ಚಿಲ್.

ಭಾಷಣದ ಬಲಕ್ಕೆ ಆತನು ಐದು ಅಂಗಗಳನ್ನು ಹೇಳಿದನು: ಸಂದರ್ಭಕ್ಕೆ ಸರಿಯಾಗಿ ಒಪ್ಪುವ ಪದ, ಕಿವಿಗೆ ಹಿತವಾದ ಲಯ, ಒಂದೇ ದಿಕ್ಕಿಗೆ ಬೊಟ್ಟುಮಾಡುವ ಸಂಗತಿಗಳನ್ನು ಒಂದರ ಮೇಲೊಂದರಂತೆ ಪೇರಿಸುವುದು, ತಿಳಿಯದುದನ್ನು ತಿಳಿದುದರೊಡನೆ ಹೋಲಿಸುವ ಉಪಮಾನ, ಕೊನೆಯದಾಗಿ, ಭಾವವನ್ನು ಕೆರಳಿಸುವ ಅತ್ಯುಕ್ತಿ.

ಈ ಐದೂ ಮನಸ್ಸನ್ನು ಗೆಲ್ಲಬಲ್ಲುವು. ಆದರೆ ಇವುಗಳಲ್ಲಿ ಯಾವುದೊಂದೂ ಸತ್ಯಕ್ಕೆ ಸಾಕ್ಷಿಯಾಗಲಾರದು. 1940ರಲ್ಲಿ ಈ ಕಲೆಯೇ ಯುದ್ಧದ ಸಂಕಟದಲ್ಲಿದ್ದ ಬ್ರಿಟನ್ನಿನ ಜನತೆಗೆ ಧೈರ್ಯ ತುಂಬಿತು. ಅದಕ್ಕೆ ಮೊದಲು, 1931ರಲ್ಲಿ, ವೈಸ್‌ರಾಯರೊಡನೆ ಸಂಧಾನಕ್ಕೆ ಹೋದ ಗಾಂಧೀಜಿಯವರನ್ನು ಅರೆಬೆತ್ತಲೆಯ ಫಕೀರನೆಂದು ಹಳಿಯುವುದಕ್ಕೂ ಇದೇ ಕಲೆ ಒದಗಿತು. ಚಿತ್ರ ಕಣ್ಣಿಗೆ ಕಟ್ಟುವಂತಿತ್ತು. ಭಾರತದ ಸ್ವಾತಂತ್ರ್ಯದ ಹಕ್ಕನ್ನು ಅಲ್ಲಗಳೆಯುವ ಯುಕ್ತಿ ಮಾತ್ರ ಅದರಲ್ಲಿರಲಿಲ್ಲ. ಆ ದಂಡಿನ ಸೌತ್ ಪೆರೇಡ್ ಬೀದಿಗೆ ಇಂದು ಮಹಾತ್ಮ ಗಾಂಧಿಯವರದೇ ಹೆಸರು.

ಭಾಷಣವೇದಿಕೆಯ ಈ ಉಪಾಯಗಳನ್ನೇ ಜಾಹೀರಾತು ನಾಲ್ಕು ಮಾತುಗಳಲ್ಲಿ ಅಡಕಮಾಡುತ್ತದೆ. ಅಲ್ಲಿ ಅಂಕಿಯೂ ಒಂದು ಅಲಂಕಾರವೇ. ಹಲಸೂರಿನ ಅಂಗಡಿಯಲ್ಲಾಗಲಿ ಇಂದಿರಾನಗರದ ಮಳಿಗೆಯಲ್ಲಾಗಲಿ, “ಶೇಕಡ 99.9ರಷ್ಟು ಕ್ರಿಮಿಗಳ ನಾಶ” ಎಂಬ ಬರಹವುಳ್ಳ ಸೀಸೆಯನ್ನು ಕಂಡೊಡನೆ ಕ್ರಿಮಿಗಳೇ ಉಳಿಯವೆಂದು ನಮಗೆ ತೋರುತ್ತದೆ. ಲೆಕ್ಕಹಾಕಿ ನೋಡೋಣ. ಮೊದಲು 10 ಲಕ್ಷ ಬ್ಯಾಕ್ಟೀರಿಯಗಳಿದ್ದರೆ 1,000 ಉಳಿಯುತ್ತವೆ. ಅನುಕೂಲ ಪರಿಸ್ಥಿತಿಯಲ್ಲಿ ಕೆಲವು ಜಾತಿಯ ಬ್ಯಾಕ್ಟೀರಿಯಗಳು ಸುಮಾರು 20 ನಿಮಿಷಗಳಿಗೊಮ್ಮೆ ಇಮ್ಮಡಿಯಾಗುತ್ತವೆ. ಹತ್ತು ಬಾರಿ ಇಮ್ಮಡಿಯಾದರೆ 1,024 ಪಟ್ಟು. ಎಂದರೆ 3 ಗಂಟೆ 20 ನಿಮಿಷಗಳಲ್ಲಿ ಸಂಖ್ಯೆ ಮತ್ತೆ 10 ಲಕ್ಷವನ್ನು ದಾಟಬಹುದು. ಬರೆದ ಅಂಕಿ ಸುಳ್ಳಲ್ಲದಿರಬಹುದು. ಅದರಿಂದ ನಾವು ಮಾಡಿಕೊಂಡ ಊಹೆ ತಪ್ಪು.

ಇಂತಹ ಮಾತನ್ನು ಕೇಳಿದಾಗ ಮೂರು ಪ್ರಶ್ನೆಗಳನ್ನು ಹಾಕಿಕೊಳ್ಳಬೇಕು. ಇದನ್ನು ಅಳೆದವರು ಯಾರು? ಯಾವ ಪರಿಸ್ಥಿತಿಯಲ್ಲಿ ಅಳೆದರು? ಹೇಳದೆ ಬಿಟ್ಟ ಸಂಗತಿ ಯಾವುದು? ಪ್ರಯೋಗಶಾಲೆಯಲ್ಲಿ ಎದುರುಸಾಕ್ಷ್ಯವನ್ನೂ ಬರೆದಿಡುವುದು ಕಡ್ಡಾಯ; ವೇದಿಕೆಯ ಮೇಲೆ ಅದನ್ನು ಬಿಟ್ಟುಬಿಡುವುದೇ ಜಾಣತನವೆನಿಸುತ್ತದೆ. ಒಳ್ಳೆಯ ಮಾತಿಗೆ ತಲೆದೂಗುವುದರಲ್ಲಿ ತಪ್ಪಿಲ್ಲ. ಅದನ್ನು ಒಪ್ಪುವ ಮುನ್ನ ಲಯವನ್ನೂ ಉಪಮಾನವನ್ನೂ ಕಳೆದು, ಉಳಿದುದೆಷ್ಟೆಂದು ನೋಡುವುದು ವಿದ್ಯಾವಂತನ ಕರ್ತವ್ಯ.