ಹಿಮಗುಹೆಯ ಬೆಳಕು ಮತ್ತು ಕ್ಯಾಮೆರಾ

ನಡುಹಗಲಿನಲ್ಲಿ ಮನೆಯ ಪಡಸಾಲೆಯೊಳಗೆ ನಿಂತು, ತೆರೆದ ಬಾಗಿಲಿನ ಕಡೆಗೆ ಕ್ಯಾಮೆರಾ ಹಿಡಿದು ಒಂದು ಚಿತ್ರ ತೆಗೆದು ನೋಡಿ. ಬೀದಿ ಸ್ಪಷ್ಟವಾಗಿ ಬಂದರೆ ಪಡಸಾಲೆ ಕತ್ತಲಾಗಿರುತ್ತದೆ. ಪಡಸಾಲೆ ಚೆನ್ನಾಗಿ ಬಂದರೆ ಬೀದಿ ಬರೀ ಬಿಳುಪಾಗಿರುತ್ತದೆ. ಆದರೆ ನಿಮ್ಮ ಕಣ್ಣಿಗೆ ಎರಡೂ ಕಾಣುತ್ತಿದ್ದವಲ್ಲವೇ? ಹಿಮಗುಹೆಯೊಳಗೆ ಛಾಯಾಚಿತ್ರ ತೆಗೆಯುವವರ ಮೊದಲ ತೊಡಕೂ ಇದೇ.

ಈ ತೊಡಕನ್ನೇ ಅನುಕೂಲವಾಗಿಸಿಕೊಂಡವರು ಹರ್ಬರ್ಟ್ ಪಾಂಟಿಂಗ್. ಕ್ಯಾಪ್ಟನ್ ಸ್ಕಾಟ್ ಅವರ ಅಂಟಾರ್ಕ್ಟಿಕಾ ಯಾತ್ರೆಯ ಛಾಯಾಗ್ರಾಹಕರಾಗಿದ್ದ ಅವರು 1911ರ ಜನವರಿ 5ರಂದು ಹಿಮಬಂಡೆಯೊಂದರ ಗುಹೆಯೊಳಗಿನಿಂದ ಗಾಜಿನ ಫಲಕದ ಮೇಲೆ ಚಿತ್ರ ತೆಗೆದರು. ಗುಹೆಯ ಬಾಯಿಯೇ ಚಿತ್ರದ ಚೌಕಟ್ಟು. ಅದರಾಚೆ ದೂರದಲ್ಲಿ ‘ಟೆರಾ ನೋವಾ’ ಹಡಗು; ಗುಹೆಯಲ್ಲಿ ನಿಂತ ವಿಜ್ಞಾನಿಗಳಾದ ಗ್ರಿಫಿತ್ ಟೇಲರ್ ಮತ್ತು ಚಾರ್ಲ್ಸ್ ರೈಟ್. ಆ ಇಬ್ಬರು ಇಲ್ಲದಿದ್ದರೆ ಗುಹೆಯ ಗಾತ್ರ ನಮಗೆ ತಿಳಿಯುತ್ತಲೇ ಇರಲಿಲ್ಲ.

ಇಂದಿನ ಕ್ಯಾಮೆರಾದೊಳಗೆ ಬೆಳಕನ್ನು ಅಳೆಯುವ ಮಾಪಕವಿದೆ. ಆದರೆ ಎದುರಿಗಿರುವುದು ಹಿಮವೋ ಕಲ್ಲೋ ಅದಕ್ಕೆ ತಿಳಿಯದು. ಕಂಡದ್ದನ್ನೆಲ್ಲ ಸರಾಸರಿ ಬೂದುಬಣ್ಣಕ್ಕೆ ತರುವುದಷ್ಟೇ ಅದರ ಕೆಲಸ. ಆದ್ದರಿಂದ ಬೆಳಗುತ್ತಿರುವ ಬಿಳಿಯ ಹಿಮವನ್ನು ಅದು ಮಂಕು ಬೂದಿಯಾಗಿಸುತ್ತದೆ. ಹೀಗಾದಾಗ ಬೆಳಕನ್ನು ಒಂದು ‘ಸ್ಟಾಪ್’, ಅಂದರೆ ಎರಡು ಪಟ್ಟು, ಹೆಚ್ಚಿಸಿ ನೋಡಬೇಕು. ಗುಹೆಯ ಬಾಯಿ ಮತ್ತು ಒಳಗೋಡೆ ಎರಡೂ ಬೇಕಾದರೆ ಕ್ಯಾಮೆರಾವನ್ನು ಅಲುಗದಂತೆ ಮುಕ್ಕಾಲಿಯ ಮೇಲಿಟ್ಟು ಕಡಿಮೆ, ಮಧ್ಯಮ, ಹೆಚ್ಚು ಬೆಳಕಿನ ಮೂರು ಚಿತ್ರಗಳನ್ನು ತೆಗೆದು ಬಳಿಕ ಕಂಪ್ಯೂಟರಿನಲ್ಲಿ ಸೇರಿಸಬಹುದು. ಹಲವು ಮೊಬೈಲುಗಳು ಇಂಥದೇ ಕೆಲಸವನ್ನು ತಾವಾಗಿಯೇ ಮಾಡುತ್ತವೆ.

ಇನ್ನು ಆ ನೀಲಿ ಬಣ್ಣ ಎಲ್ಲಿಂದ ಬಂತು? ಹೊಸ ಹಿಮದಲ್ಲಿ ಗಾಳಿ ತುಂಬಿರುವುದರಿಂದ ಎಲ್ಲ ಬಣ್ಣಗಳೂ ಚದುರಿ ಅದು ಬೆಳ್ಳಗೆ ಕಾಣುತ್ತದೆ. ಹಿಮನದಿಯ ಹಳೆಯ ಮಂಜುಗಡ್ಡೆ ತನ್ನದೇ ಭಾರಕ್ಕೆ ಒತ್ತಿಹೋಗಿ ಗಾಳಿಗುಳ್ಳೆಗಳು ಕಡಿಮೆಯಾಗಿರುತ್ತವೆ. ಬೆಳಕು ಅದರೊಳಗೆ ಬಹುದೂರ ಸಾಗುವಾಗ ಕೆಂಪು ಹೀರಲ್ಪಟ್ಟು ನೀಲಿ ಉಳಿಯುತ್ತದೆ. ಕ್ಯಾಮೆರಾದ ಸ್ವಯಂಚಾಲಿತ ಬಣ್ಣ ಹೊಂದಾಣಿಕೆ ಈ ನೀಲಿಯನ್ನು ದೋಷವೆಂದು ತಿಳಿದು ತಿದ್ದಿಬಿಡುವುದುಂಟು. ಅದನ್ನು ‘ಹಗಲುಬೆಳಕು’ ಎಂಬ ಆಯ್ಕೆಗೆ ಇಟ್ಟರೆ ನೀಲಿ ಉಳಿಯುತ್ತದೆ. ಫ್ಲ್ಯಾಷ್ ಬಳಸಿದರೆ ಗೋಡೆಯ ಹೊರಮೈ ಮಾತ್ರ ಹೊಳೆದು, ಒಳಗಿನಿಂದ ಸೋಸಿ ಬರುವ ಬೆಳಕು ಮಸುಳಿಹೋಗುತ್ತದೆ.

ಚಳಿಯಲ್ಲಿ ಬ್ಯಾಟರಿಯ ಶಕ್ತಿ ಬೇಗ ಕುಗ್ಗುತ್ತದೆ. ಹೆಚ್ಚುವರಿ ಬ್ಯಾಟರಿಯನ್ನು ಅಂಗಿಯ ಒಳಜೇಬಿನಲ್ಲಿ ಬೆಚ್ಚಗಿಡಬೇಕು. ತಣ್ಣೀರಿನ ಲೋಟದ ಹೊರಗೆ ಹನಿಗಟ್ಟುವಂತೆ, ತಣ್ಣಗಿನ ಕ್ಯಾಮೆರಾವನ್ನು ಬೆಚ್ಚನೆಯ ಕೋಣೆಗೆ ತಂದರೆ ಮಸೂರದ ಮೇಲೂ ನೀರು ಕಟ್ಟುತ್ತದೆ. ಕೋಣೆಗೆ ಬರುವ ಮೊದಲೇ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಮುಚ್ಚಿ, ಬೆಚ್ಚಗಾದ ಮೇಲೆ ತೆಗೆಯಬೇಕು.

ಇವೆಲ್ಲಕ್ಕಿಂತ ದೊಡ್ಡ ಎಚ್ಚರಿಕೆ ಒಂದಿದೆ. ಹಿಮಗುಹೆ ಕಲ್ಲಿನ ಗುಹೆಯಲ್ಲ. ಕರಗುತ್ತ, ಸರಿಯುತ್ತ ಇರುವಂಥದು. ಐಸ್‌ಲ್ಯಾಂಡಿನ ವಾಟ್ನಾಯೋಕುಲ್ ಹಿಮರಾಶಿಯ ಒಂದು ಕವಲಿನಲ್ಲಿ 2024ರ ಆಗಸ್ಟ್ 25ರಂದು ಹಿಮದ ಗೋಡೆ ಕುಸಿದು ಪ್ರವಾಸಿಯೊಬ್ಬರು ಪ್ರಾಣ ಕಳೆದುಕೊಂಡರು. ಅದು ಬೇಸಿಗೆ, ಮಂಜು ಕರಗುವ ಕಾಲ. ತಿಳಿದ ಮಾರ್ಗದರ್ಶಕರಿಲ್ಲದೆ ಒಳಗೆ ಕಾಲಿಡಬಾರದು; ಅವರು ‘ಸಾಕು, ಹೊರಡಿ’ ಎಂದರೆ ಅರ್ಧಕ್ಕೇ ನಿಲ್ಲಿಸಿ ಬರಬೇಕು.

ಹಿಮಗುಹೆಗೆ ಹೋಗುವ ಅವಕಾಶ ನಮ್ಮಲ್ಲಿ ಎಷ್ಟು ಜನಕ್ಕೆ ಸಿಕ್ಕೀತು? ಆದರೆ ಪಾಠ ನಿಮ್ಮ ಪಡಸಾಲೆಯಲ್ಲಿಯೇ ಇದೆ. ಯಾವುದನ್ನು ತೋರಿಸಬೇಕು, ಯಾವುದನ್ನು ಕತ್ತಲಿಗೆ ಬಿಡಬೇಕು ಎಂಬ ತೀರ್ಮಾನ ನಿಮ್ಮದು, ಯಂತ್ರದ್ದಲ್ಲ. ನಾಳೆ ಮಧ್ಯಾಹ್ನ ಬಾಗಿಲು ತೆರೆದಿಟ್ಟು ಪ್ರಯತ್ನಿಸಿ ನೋಡಿ.